ಕಟ್ಟೆಯ ಇಂಜಿನಿಯರುಗಳು

ಮಹಾರಾಷ್ಟ್ರದ ಅಕ್ಕಲಕೋಟ ತಾಲ್ಲೂಕಿನ ಊರುಗಳ ಕಟ್ಟೆಯಲ್ಲಿ ಇಂಜಿನಿಯರುಗಳಿಗೆ ಬರವಿಲ್ಲ. ಬರ ಇರುವುದು ನೀರಿಗೆ ಮಾತ್ರ. ಕಬ್ಬಿಗೆ ಡ್ರಿಪ್ ಹಾಕಿಸ್ತೀನಿ ಅಂದು ನೋಡಿ.

“ಸಾಲಿಂದ ಸಾಲಿಗೆ ಐದು ಫೂಟ ಬಿಡೋ ತಮ್ಮಾ.”

“ನಾಕ ಸಾಕ ಬಿಡ್ರಿ ಕಾಕಾ, ಕಬ್ಬೇನ ಕುಣೀತದೇನ?”

ಐದು ಫೂಟಾದರೆ ಎಕರೆಗೆ ಸುಮಾರು 2,700 ಮೀಟರ್ ಲ್ಯಾಟರಲ್ ಪೈಪು. 40 ಸೆಂ.ಮೀ.ಗೊಂದು ಡ್ರಿಪ್ಪರ್, ಅದೂ ಗಂಟೆಗೆ 2 ಲೀಟರಿನದು ಅಂದರೂ ಎಕರೆಗೆ ಗಂಟೆಗೆ 13,500 ಲೀಟರ್ ನೀರು ಬೇಕು. ಬೋರು ಕೊಡುವುದು 5,000 ಆದರೆ? ಎಕರೆಯನ್ನು ಮೂರು ಪಾಲು ಮಾಡಿ, ಮೂರು ವಾಲ್ವ್ ಇಟ್ಟು, ಸರದಿಯಲ್ಲಿ ಕುಡಿಸಬೇಕು. ಅಣ್ಣತಮ್ಮಂದಿರ ಪಾಲಿಗಿಂತ ಈ ಪಾಲು ವಾಸಿ, ಕೋರ್ಟಿಗೆ ಹೋಗುವುದಿಲ್ಲ.

ಇಸ್ರೇಲಿನ ಇಂಜಿನಿಯರ್ ಸಿಮ್ಚಾ ಬ್ಲಾಸ್‌ನ ಡ್ರಿಪ್ಪರ್ ತಯಾರಿಸಲು 1965ರಲ್ಲೇ ಅಲ್ಲಿ ಕಂಪನಿ ಎದ್ದಿತು. ಪುಣ್ಯಾತ್ಮ ಮರುಭೂಮಿ ನೋಡಿದ್ದ, ನಮ್ಮ ಕರೆಂಟು ನೋಡಿರಲಿಲ್ಲ. ಅದು ನಡುರಾತ್ರಿ ಬರುತ್ತದೆ. ಮೂರು ವಾಲ್ವ್ ತಿರುಗಿಸುವಷ್ಟರಲ್ಲಿ ಹೇಳದೆ ಹೋಗುತ್ತದೆ.

ಇನ್ನು ಸಬ್ಸಿಡಿ. ಕೇಂದ್ರದ ಯೋಜನೆಯಲ್ಲಿ ಸಣ್ಣ ರೈತರಿಗೆ ಶೇ. 55. ಜಮೀನಿನ ಸಾತಬಾರಾ ಉತಾರ ಮರಾಠಿಯಲ್ಲಿ, ಅರ್ಜಿ ಮರಾಠಿಯಲ್ಲಿ, ಸರ್ವರ್ ಬಿದ್ದಾಗ ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ.

ಪೈಪಿಗೆ ಧಾರಾಳ ಸುರಿದವರು ಫಿಲ್ಟರಿನ ಹತ್ತಿರ ಜುಗ್ಗರಾಗುತ್ತಾರೆ. ಆಮೇಲೆ ಡ್ರಿಪ್ಪರುಗಳಲ್ಲಿ ಕಸ ಕಟ್ಟುತ್ತದೆ; ಫಿಲ್ಟರಿಗೂ ಸಿಗದ ಉಪ್ಪು ಕಟ್ಟಿದರೆ ಆ್ಯಸಿಡ್ ಸ್ನಾನ. ನಕ್ಷೆಯಲ್ಲಿ ಮೋಟರು, ಮೇನ್‌ಲೈನು ಎಲ್ಲ ಇರುತ್ತವೆ. ಇಲಿ, ಅಳಿಲು ಇರುವುದಿಲ್ಲ. ಬಾಯಾರಿದಾಗ ಅವು ತಮಗೆ ಬೇಕಾದಲ್ಲಿ ಪೈಪು ಕಡಿದು ಹೊಸ ಡ್ರಿಪ್ಪರ್ ಮಾಡಿಕೊಳ್ಳುತ್ತವೆ. ಅದೂ ಸಬ್ಸಿಡಿ ಕೇಳದೆ!