ಪುಳಿಯೋಗರೆಯ ಆಚೆಗಿನ ಪಿಟ್ಸ್‌ಬರ್ಗ್

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನು ನೋಡಿಬರಲು ಕರ್ನಾಟಕದಿಂದ ಹೊರಡುವ ತಂದೆತಾಯಿಗಳ ಪ್ರವಾಸಕ್ರಮವು ಧರ್ಮಶಾಸ್ತ್ರದಲ್ಲಿ ವಿಧಿಸಿಟ್ಟಷ್ಟು ನಿಶ್ಚಿತವಾದುದು. ನ್ಯೂಯಾರ್ಕಿನಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆ, ವಾಷಿಂಗ್ಟನ್ನಿನಲ್ಲಿ ಬೇಲಿಯ ಈಚೆಯಿಂದ ಕಾಣುವ ಶ್ವೇತಭವನ, ನಯಾಗರದಲ್ಲಿ ನೀಲಿ ಪ್ಲಾಸ್ಟಿಕ್ ಅಂಗಿ ತೊಟ್ಟೂ ತಪ್ಪದೆ ನೆನೆಯುವ ದೋಣಿವಿಹಾರ, ಇವು ಮುಗಿಯುವ ಮೊದಲೋ ಮುಗಿದ ಮೇಲೋ ಪಿಟ್ಸ್‌ಬರ್ಗಿನ ವೆಂಕಟೇಶ್ವರನ ದರ್ಶನವಾಗಲೇಬೇಕು. ತಿರುಪತಿಯ ದೇವಾಲಯವನ್ನು ಮಾದರಿಯಾಗಿಟ್ಟುಕೊಂಡು ಕಟ್ಟಿ 1976ರಲ್ಲಿ ಪ್ರತಿಷ್ಠೆ ನೆರವೇರಿಸಿದ ಈ ಗುಡಿಯು ಅಮೆರಿಕದ ಅತಿ ಹಳೆಯ ಸಾಂಪ್ರದಾಯಿಕ ಹಿಂದೂ ದೇವಾಲಯಗಳಲ್ಲಿ ಒಂದು. ಅಲ್ಲಿ ಅರ್ಚನೆ, ಮಂಗಳಾರತಿ, ಊಟದ ಮನೆಯಲ್ಲಿ ಪುಳಿಯೋಗರೆ ಮತ್ತು ಮೊಸರನ್ನ, ಕಾರು ನಿಲ್ಲಿಸಿದ ಜಾಗದಲ್ಲಿ ಗೋಪುರ ಬರುವಂತೆ ಒಂದು ಗುಂಪು ಫೋಟೋ, ಇಷ್ಟಾಯಿತೆಂದರೆ ಯಾತ್ರಿಕರು ‘ಪಿಟ್ಸ್‌ಬರ್ಗ್ ಆಯಿತು’ ಎಂದು ಷರಾ ಬರೆದು ಮುಂದಿನ ಊರಿಗೆ ಹೊರಡುತ್ತಾರೆ.

ಈ ಷರಾದಲ್ಲಿ ಭೂಗೋಳದ ದೃಷ್ಟಿಯಿಂದ ಒಂದು ದೋಷವಿದೆ. ದೇವಾಲಯವಿರುವುದು ಪೆನ್ ಹಿಲ್ಸ್ ಎಂಬ, ತನ್ನದೇ ಆಡಳಿತವುಳ್ಳ ಬೇರೆ ಊರಿನಲ್ಲಿ. ನ್ಯೂಜೆರ್ಸಿಯ ಕಡೆಯಿಂದ ಬರುವ ಕಾರುಗಳು ಪೆನ್ಸಿಲ್ವೇನಿಯಾ ಟರ್ನ್‌ಪೈಕನ್ನು, ಎಂದರೆ ಸುಂಕ ತೆತ್ತು ಬಳಸುವ ಹೆದ್ದಾರಿಯನ್ನು, ಮನ್ರೋವಿಲ್‌ನಲ್ಲಿ ಇಳಿದು, ದರ್ಶನ ಮುಗಿಸಿ, ಮತ್ತೆ ಅಲ್ಲಿಯೇ ಹತ್ತುವುದರಿಂದ ಪಿಟ್ಸ್‌ಬರ್ಗ್ ನಗರದ ಗಡಿಯೊಳಗೆ ಅವುಗಳ ಚಕ್ರ ಉರುಳುವ ಪ್ರಸಂಗವೇ ಒದಗುವುದಿಲ್ಲ. ಈ ಮನ್ರೋವಿಲ್ಲಿನ ಮಾಲ್‌ನಲ್ಲಿಯೇ ಜಾರ್ಜ್ ರೊಮೆರೊ ಎಂಬ ನಿರ್ದೇಶಕನು, ಸತ್ತ ಮೇಲೂ ಹಳೆಯ ಅಭ್ಯಾಸಬಲದಿಂದ ಅಂಗಡಿಬೀದಿಗೆ ಬಂದು ಗೊತ್ತುಗುರಿಯಿಲ್ಲದೆ ಅಲೆಯುವ ಜೀವಚ್ಛವಗಳ ಕುರಿತು 1978ರಲ್ಲಿ ತೆರೆಕಂಡ ಚಿತ್ರವೊಂದನ್ನು ತೆಗೆದನು. ಹೊರಗೆ ಹಿಮ ಬೀಳುವಾಗ ಸೊಸೆಯಂದಿರು ವಾಕಿಂಗ್‌ಗೆಂದು ಮಾಲ್‌ಗಳಲ್ಲಿ ಬಿಟ್ಟುಹೋಗುವ ಹಿರಿಯರಿಗೆ ಈ ಸಂಗತಿಯನ್ನು ತಿಳಿಸದಿರುವುದೇ ಲೇಸು. ಒಟ್ಟಿನಲ್ಲಿ, ಪಿಟ್ಸ್‌ಬರ್ಗನ್ನು ಎರಡು ಮೂರು ಸಲ ಕಂಡಿದ್ದೇವೆನ್ನುವವರಲ್ಲಿ ಅನೇಕರು ಅದನ್ನು ಒಮ್ಮೆಯೂ ಕಂಡವರಲ್ಲ. ಊರನ್ನು ಕಾಣದವರನ್ನು ಒಪ್ಪಿಸಬಹುದು. ಕಂಡಾಯಿತೆಂದು ನಂಬಿ ಕುಳಿತವರನ್ನು ಒಪ್ಪಿಸುವುದು ಮಾತ್ರ ಶ್ರಮದ ಕೆಲಸ, ಅದರಲ್ಲಿಯೂ ಅವರನ್ನು ಅಲ್ಲಿ ನಾಲ್ಕು ದಿನ ಇರಿಸುವುದಾದರೆ ಇನ್ನಷ್ಟು ಶ್ರಮದ ಕೆಲಸ.

ಊರಿನ ಹಳೆಯ ಕೀರ್ತಿಯೂ ಈ ಕಾರ್ಯಕ್ಕೆ ನೆರವಾಗುವಂಥದಲ್ಲ. ಜೇಮ್ಸ್ ಪಾರ್ಟನ್ ಎಂಬ ಬರಹಗಾರನು 1868ರಲ್ಲಿಯೇ ಈ ನಗರವನ್ನು ಮುಚ್ಚಳ ತೆಗೆದ ನರಕಕ್ಕೆ ಹೋಲಿಸಿದ್ದನು. ಸುತ್ತಲ ಬೆಟ್ಟಗಳಲ್ಲಿ ಕಲ್ಲಿದ್ದಲು, ಸರಕು ಸಾಗಿಸಲು ನದಿಗಳು, ದುಡಿಯಲು ಪೂರ್ವ ಯೂರೋಪಿನಿಂದ ಬಂದಿಳಿದ ಜನ, ಇವೆಲ್ಲ ಒಂದೆಡೆ ಸೇರಿದ್ದರಿಂದ ಉಕ್ಕಿನ ಕುಲುಮೆಗಳು ನದಿಯುದ್ದಕ್ಕೂ ಎದ್ದವು. 1940ರ ದಶಕದಲ್ಲಿ ನಡುಹಗಲಿನಲ್ಲಿ ಬೀದಿದೀಪ ಹಚ್ಚಬೇಕಾದಷ್ಟು ಹೊಗೆ ಕವಿಯುತ್ತಿದ್ದುದಕ್ಕೆ ಛಾಯಾಚಿತ್ರಗಳ ಸಾಕ್ಷಿಯಿದೆ. ಹೊಗೆ ನಿಯಂತ್ರಣದ ಕಾನೂನು 1941ರಲ್ಲಿ ಬಂದು, ಯುದ್ಧ ಮುಗಿದ ಮೇಲೆ 1946ರಿಂದ ಜಾರಿಗೊಳ್ಳತೊಡಗಿ, ಆಕಾಶವು ಕ್ರಮೇಣ ತಿಳಿಯಾಯಿತು. ಆಮೇಲೆ 1980ರ ದಶಕದಲ್ಲಿ ಉಕ್ಕಿನ ಉದ್ಯಮವೇ ಕುಸಿದುಬಿದ್ದಿತು. 1950ರ ಜನಗಣತಿಯಲ್ಲಿ 6,76,806 ಇದ್ದ ಜನಸಂಖ್ಯೆ 2020ರಲ್ಲಿ 3,02,971ಕ್ಕೆ ಇಳಿದುದನ್ನು ನೋಡಿದರೆ, ಇತರರನ್ನು ಬರಹೇಳುವ ಮೊದಲು ತನ್ನವರನ್ನೇ ಉಳಿಸಿಕೊಳ್ಳಲಾರದ ಊರು ಇದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕುಲುಮೆಗಳು ಒಂದೊಂದಾಗಿ ಆರುತ್ತಿದ್ದ 1985ರಲ್ಲಿಯೇ ರ‍್ಯಾಂಡ್ ಮೆಕ್‌ನ್ಯಾಲಿ ಎಂಬ ನಕ್ಷೆ ಪ್ರಕಾಶನದವರು ತಮ್ಮ ಕೈಪಿಡಿಯಲ್ಲಿ ಅಮೆರಿಕದ ಅತ್ಯಂತ ವಾಸಯೋಗ್ಯ ನಗರವೆಂಬ ಪಟ್ಟವನ್ನು ಪಿಟ್ಸ್‌ಬರ್ಗಿಗೆ ಕಟ್ಟಿದಾಗ ದೇಶವೆಲ್ಲ ನಕ್ಕಿತು. ಊರಿನವರೂ ನಕ್ಕರು, ತಮ್ಮ ಊರನ್ನು ಹೊಗಳಿದವರನ್ನು ಅನುಮಾನದಿಂದ ನೋಡುವುದು ಅಲ್ಲಿನ ಜನರ ಸ್ವಭಾವ.

ಈ ಊರಿಗೆ ದಿನಗಳನ್ನೇ ಕೊಡಬೇಕಾಗುವುದೇಕೆಂಬುದಕ್ಕೆ ಕಾರಣ ಅದರ ನೆಲದಲ್ಲಿಯೇ ಇದೆ. ಉತ್ತರದಿಂದ ಆಲಿಗೆನಿ, ದಕ್ಷಿಣದಿಂದ ಮನಾಂಗಹೇಲ ಎಂಬ ಎರಡು ನದಿಗಳು ಕೂಡಿ ಒಹಾಯೊ ಎಂಬ ಮೂರನೆಯ ನದಿಯಾಗುವ ಸಂಗಮದಲ್ಲಿ ನಗರದ ಹೃದಯಭಾಗವಿದ್ದು, ಉಳಿದುದೆಲ್ಲವೂ ಕಡಿದಾದ ಗುಡ್ಡಗಳ ಮೇಲೆ, ಅವುಗಳ ಸಂದಿಗಳಲ್ಲಿ, ಹೇಗೋ ನೇತಾಡಿಕೊಂಡಿದೆ. ಅಲ್ಲಿ ಕಣ್ಣಿಗೆ ಎದುರಿಗೇ ಕಾಣುವ ಮನೆಗೆ ತಲುಪಲು ಒಂದು ಸುರಂಗ, ಎರಡು ಸೇತುವೆ ದಾಟಬೇಕಾಗುವುದು ಸಾಮಾನ್ಯ. ನಗರದಲ್ಲಿ 446 ಸೇತುವೆಗಳಿವೆಯೆಂದು ಒಬ್ಬರು ಎಣಿಸಿ ಪುಸ್ತಕವನ್ನೇ ಬರೆದಿದ್ದಾರೆ. ಗುಡ್ಡದ ಮೇಲಿನ ಮನೆಗಳಿಗೆ ಹೋಗುವ ಸಾರ್ವಜನಿಕ ಮೆಟ್ಟಿಲ ಸಾಲುಗಳು ನೂರಾರು ಇದ್ದು, ಅವುಗಳಲ್ಲಿ ಎಷ್ಟೋ ಸಾಲುಗಳು ನಕ್ಷೆಯಲ್ಲಿ ಹೆಸರುಳ್ಳ ಬೀದಿಗಳೇ ಆಗಿರುವುದರಿಂದ, ಬೀದಿಯೆಂದು ನಂಬಿ ಕಾರು ತಿರುಗಿಸಿದ ಅಪರಿಚಿತನು ಮೆಟ್ಟಿಲೆದುರು ನಿಂತು ತನ್ನ ಫೋನನ್ನು ಬೈಯುತ್ತಾನೆ. ಬೀಚ್‌ವ್ಯೂ ಎಂಬ ಬಡಾವಣೆಯ ಕ್ಯಾಂಟನ್ ಅವೆನ್ಯೂವಿನ ಏರು ಶೇಕಡಾ 37, ಎಂದರೆ ಅಡ್ಡಲಾಗಿ ನೂರು ಅಡಿ ಸಾಗುವಷ್ಟರಲ್ಲಿ ಮೂವತ್ತೇಳು ಅಡಿ ಮೇಲೇರುವ ದರದ್ದು. ಚಾಮುಂಡಿ ಬೆಟ್ಟದ ಮೆಟ್ಟಿಲೇರಿದ ಮಂಡಿಗಳು ಇದಕ್ಕೆ ಹೆದರಬೇಕಾದುದಿಲ್ಲ.

ಮಂಡಿ ಒಪ್ಪದವರಿಗೆ ಇನ್‌ಕ್ಲೈನ್ ಇದೆ. ಗುಡ್ಡದ ಇಳಿಜಾರಿನಲ್ಲಿ ಜೋಡಿ ಹಳಿ ಹಾಕಿ, ಒಂದೊಂದರ ಮೇಲೆ ಒಂದೊಂದು ಡಬ್ಬಿಯನ್ನಿಟ್ಟು, ಎರಡನ್ನೂ ಉಕ್ಕಿನ ಹಗ್ಗದಿಂದ ಬಿಗಿದು, ಒಂದು ಇಳಿಯುವ ಭಾರದಿಂದ ಇನ್ನೊಂದು ಏರಲು ಅನುಕೂಲವಾಗುವಂತೆ ಮಾಡಿದ ಈ ವಾಹನಗಳು ಹಿಂದೆ ಹತ್ತಾರು ಇದ್ದವು. ಈಗ ಉಳಿದಿರುವುದು 1870ರ ಮನಾಂಗಹೇಲ ಮತ್ತು 1877ರ ಡ್ಯೂಕೇನ್ ಎರಡೇ. ಎರಡನೆಯದು 1960ರ ದಶಕದಲ್ಲಿ ಮುಚ್ಚಿಹೋದಾಗ ಅಕ್ಕಪಕ್ಕದ ನಿವಾಸಿಗಳೇ ಹಣ ಕೂಡಿಸಿ ಮತ್ತೆ ನಡೆಸಿದರು. ಇವು ಏರುವ ಮೌಂಟ್ ವಾಷಿಂಗ್ಟನ್ನಿನ ತುದಿಯಿಂದ ಮೂರು ನದಿ, ಹಳದಿ ಸೇತುವೆಗಳು, ಗಾಜಿನ ಗೋಪುರಗಳು ಒಟ್ಟಾಗಿ ಕಾಣುತ್ತವೆ. ಒಂದೇ ಫೋಟೋದಲ್ಲಿ ಊರು ಮುಗಿಯಬೇಕೆನ್ನುವವರಿಗೆ ಇದು ಅನುಕೂಲವೇ ಸರಿ, ಮನವೊಲಿಸುವವರಿಗೆ ಮಾತ್ರ ಅಪಾಯ. ಆದುದರಿಂದ ಅನುಭವಸ್ಥರು ಇದನ್ನು ಮೊದಲ ದಿನ ತೋರಿಸುವುದಿಲ್ಲ.

ಆಲಿಗೆನಿ ನದಿಯ ಮೇಲೆ 1924ರಿಂದ 1928ರ ನಡುವೆ ಕಟ್ಟಿದ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಮೂರು ಸೇತುವೆಗಳನ್ನು ಅಕ್ಕತಂಗಿಯರೆಂದು ಕರೆಯುವುದುಂಟು. ಮೊದಲನೆಯದಕ್ಕೆ ರಾಬರ್ಟೊ ಕ್ಲೆಮೆಂಟೆಯ ಹೆಸರಿದೆ; ನಗರದ ಬೇಸ್‌ಬಾಲ್ ತಂಡದ ಈ ಆಟಗಾರನು 1972ರ ಡಿಸೆಂಬರ್ 31ರಂದು ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ನೆರವಿನ ಸಾಮಗ್ರಿ ಕೊಂಡೊಯ್ಯುತ್ತಿದ್ದಾಗ ವಿಮಾನ ಅಪಘಾತದಲ್ಲಿ ಮಡಿದನು. ಎರಡನೆಯದು 1928ರಲ್ಲಿ ಇಲ್ಲಿ ಹುಟ್ಟಿ ಸೂಪಿನ ಡಬ್ಬಿಗಳ ಚಿತ್ರದಿಂದ ಜಗತ್ಪ್ರಸಿದ್ಧನಾದ ಆಂಡಿ ವಾರ್ಹಾಲ್‌ನದು. ಮೂರನೆಯದು ಕೀಟನಾಶಕಗಳ ಹಾವಳಿಯನ್ನು ಕುರಿತು 1962ರಲ್ಲಿ ಬರೆದು ಪರಿಸರ ಚಳವಳಿಗೆ ಚಾಲನೆ ಕೊಟ್ಟ ರೇಚಲ್ ಕಾರ್ಸನ್‌ಳದು. ಆಕೆಯೂ ಹತ್ತಿರದ ಸ್ಪ್ರಿಂಗ್‌ಡೇಲಿನವಳೇ. ಸಾಲಾಗಿ ಮೂರು ಸೇತುವೆ, ಒಂದರ ಮೇಲೂ ರಾಜಕಾರಣಿಯ ಹೆಸರಿಲ್ಲ, ಉದ್ಘಾಟಕರ ಭಾವಚಿತ್ರವಿರುವ ಫ್ಲೆಕ್ಸ್ ಇಲ್ಲ. ಬೆಂಗಳೂರಿನ ಮೇಲ್ಸೇತುವೆಗಳ ಕೆಳಗೆ ಆಯುಷ್ಯ ಸವೆಸಿದವರಿಗೆ ಈ ದೃಶ್ಯವೊಂದೇ ಬಸ್ಸಿನ ಚಾರ್ಜಿಗೆ ಸಮನಾದುದು.

ಊರಿನ ಆಚಾರವಿಚಾರಗಳು ಇನ್ನೂ ಸ್ವಾರಸ್ಯವಾದುವು. ಚಳಿಗಾಲದಲ್ಲಿ ಮನೆಯ ಮುಂದಿನ ರಸ್ತೆಯಲ್ಲಿ ಬಿದ್ದ ಹಿಮವನ್ನು ಸಲಿಕೆಯಿಂದ ಎತ್ತಿಹಾಕಿ ಕಾರಿಗೆ ಜಾಗ ಮಾಡಿಕೊಂಡವನು, ಕಾರು ತೆಗೆದುಕೊಂಡು ಹೊರಹೋಗುವಾಗ ಅಲ್ಲಿ ಒಂದು ಹಳೆಯ ಕುರ್ಚಿಯನ್ನು ಇಟ್ಟುಹೋಗುತ್ತಾನೆ; ಸಾರ್ವಜನಿಕ ರಸ್ತೆಯಲ್ಲಿ ಈ ಕುರ್ಚಿಗೆ ಕಾನೂನಿನ ಬೆಂಬಲವೇನೂ ಇಲ್ಲದಿದ್ದರೂ ಅದನ್ನು ಸರಿಸುವ ಧೈರ್ಯ ಯಾರಿಗೂ ಇಲ್ಲ. ಮೆಜೆಸ್ಟಿಕ್ಕಿನಲ್ಲಿ ಕಿಟಕಿಯಿಂದ ಬಸ್ಸಿನ ಸೀಟಿಗೆ ಎಸೆದ ಟವೆಲ್ಲಿಗೆ ಇರುವ ಸಂವಿಧಾನಾತೀತ ಅಧಿಕಾರವೇ ಈ ಕುರ್ಚಿಗೂ ಇದೆ. ಎರಡನೆಯದು ‘ಪಿಟ್ಸ್‌ಬರ್ಗಿನ ಎಡತಿರುವು’. ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುವ ಆ ದೇಶದಲ್ಲಿ, ಎಡಕ್ಕೆ ತಿರುಗುವವರು ಎದುರಿನಿಂದ ನೇರ ಬರುವವರೆಲ್ಲರಿಗೂ ದಾರಿ ಬಿಟ್ಟು ಕಾಯಬೇಕೆಂಬುದು ಕಾನೂನು. ಇಲ್ಲಿ ಮಾತ್ರ ಹಸಿರು ದೀಪ ಹೊತ್ತಿದೊಡನೆ ಎದುರಿನವನು ಒಂದು ಕ್ಷಣ ತಡೆದು, ಎಡಕ್ಕೆ ತಿರುಗುವ ಮೊದಲ ಕಾರಿಗೆ ಹೋಗೆಂದು ಕೈಬೀಸುತ್ತಾನೆ. ಕಾನೂನು ಮುರಿದು ಸೌಜನ್ಯ ತೋರುವ ಈ ಪದ್ಧತಿಯನ್ನು ಅರಿಯದ ಹೊರಗಿನವರಿಗೆ ಸೌಜನ್ಯ ಮೊದಲು ಎದುರಾಗುವುದೋ ಅಪಘಾತವೋ ಎಂದು ಹೇಳಲಾಗದು. ದಾರಿ ಕೇಳಿದರೂ ಅಷ್ಟೇ: ಹಿಂದೆ ಐಸ್‌ಕ್ರೀಮ್ ಅಂಗಡಿಯಿದ್ದ ಮೂಲೆಯಲ್ಲಿ ಬಲಕ್ಕೆ, ಕೆಡವಿದ ಗಿರಣಿಯ ಹತ್ತಿರ ಎಡಕ್ಕೆ ಎಂಬಂತೆ, ಈಗ ಇಲ್ಲದ ಗುರುತುಗಳಿಂದಲೇ ದಾರಿ ಹೇಳುವುದು ಅಲ್ಲಿನ ಹಿರಿಯರ ರೂಢಿ. ಪ್ಯಾಂಟಿನ ಜಿಪ್ ಹಾಕಿಕೊಳ್ಳಲು ಮರೆತವನಿಗೆ ‘ಕೆನಿವುಡ್ ತೆರೆದಿದೆ’ ಎಂದು ಸೂಚಿಸುವುದುಂಟು. ಕೆನಿವುಡ್ ಎಂಬುದು 1898ರಲ್ಲಿ ಆರಂಭವಾದ ಮನೋರಂಜನಾ ಉದ್ಯಾನವನ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಸುಳ್ಳು ಭರವಸೆ ಕೊಡುವುದು ತರವಲ್ಲ. 1933ರಿಂದ ನಡೆಯುತ್ತಿರುವ ಪ್ರಿಮಾಂಟಿ ಬ್ರದರ್ಸ್ ಹೋಟೆಲಿನ ಹೆಸರಾಂತ ಸ್ಯಾಂಡ್‌ವಿಚ್ಚಿನಲ್ಲಿ ಮಾಂಸದ ಜೊತೆಗೆ ಕರಿದ ಆಲೂಗಡ್ಡೆಯನ್ನೂ ಎಲೆಕೋಸಿನ ಕೋಸಂಬರಿಯನ್ನೂ ಬ್ರೆಡ್ಡಿನ ಒಳಗೇ ತುರುಕಿರುತ್ತಾರೆ. ಲಾರಿ ಚಾಲಕರು ಒಂದೇ ಕೈಯಲ್ಲಿ ಹಿಡಿದು ತಿನ್ನಲೆಂದು ಹೀಗೆ ಮಾಡಿದರೆಂಬುದು ಐತಿಹ್ಯ, ಎರಡು ಕೈಯಿದ್ದರೂ ಸಾಲದೆಂಬುದು ವಾಸ್ತವ. ಆದರೆ ಪೋಲೆಂಡ್ ಮೂಲದ ಪಿಯೆರೋಗಿ ಇದೆ. ಮೈದಾಹಿಟ್ಟಿನ ಹಾಳೆಯಲ್ಲಿ ಆಲೂಗಡ್ಡೆ ಮತ್ತು ಚೀಸಿನ ಹೂರಣವಿಟ್ಟು ಮಡಿಸಿ ಬೇಯಿಸಿದ ಈ ತಿಂಡಿಯ ವೇಷ ತೊಟ್ಟವರು ಬೇಸ್‌ಬಾಲ್ ಪಂದ್ಯದ ನಡುವೆ ಮೈದಾನದಲ್ಲಿ ಓಟದ ಸ್ಪರ್ಧೆ ನಡೆಸುತ್ತಾರೆ. ಮದುವೆಯೇನಾದರೂ ಸಿಕ್ಕಿದರೆ ‘ಕುಕೀ ಟೇಬಲ್’ ತಪ್ಪಿಸಿಕೊಳ್ಳಬಾರದು. ವಧೂವರರ ಅತ್ತೆ, ಚಿಕ್ಕಮ್ಮ, ಅಜ್ಜಿಯರು ವಾರಗಟ್ಟಲೆ ಮನೆಯಲ್ಲಿ ಸುಟ್ಟು ತಂದ ಬಿಸ್ಕತ್ತುಗಳನ್ನು ಉದ್ದನೆಯ ಮೇಜಿನ ಮೇಲೆ ಜೋಡಿಸುತ್ತಾರೆ. ಕೇಕಿಗಿಂತ ಇದಕ್ಕೇ ಮಾನ, ಯಾರ ಕಡೆಯವರದು ಮೊದಲು ಖಾಲಿಯಾಯಿತೆಂಬುದರ ಮೇಲೆ ಬೀಗರ ಮರ್ಯಾದೆ ನಿಂತಿರುತ್ತದೆ, ಮತ್ತು ಅತಿಥಿಗಳು ಡಬ್ಬಿಯಲ್ಲಿ ತುಂಬಿಕೊಂಡು ಮನೆಗೊಯ್ಯುವುದು ಶಿಷ್ಟಾಚಾರಕ್ಕೆ ವಿರುದ್ಧವಲ್ಲ.

ಓಕ್ಲಂಡ್ ಎಂಬ ಭಾಗಕ್ಕೆ ಒಂದು ಪೂರ್ಣ ದಿನವನ್ನು ಮೀಸಲಿಡಬೇಕು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ‘ಕೆಥೀಡ್ರಲ್ ಆಫ್ ಲರ್ನಿಂಗ್’ 42 ಅಂತಸ್ತುಗಳ, 1926ರಲ್ಲಿ ಆರಂಭವಾಗಿ ಕಟ್ಟಲು ಹನ್ನೊಂದು ವರ್ಷ ಹಿಡಿದ ಕಲ್ಲಿನ ಗೋಪುರವಾಗಿದ್ದು, ಅದರ ವೆಚ್ಚಕ್ಕೆ ಶಾಲಾಮಕ್ಕಳೂ ಹತ್ತು ಸೆಂಟಿನ ನಾಣ್ಯ ಕೊಟ್ಟಿದ್ದಾರೆ. ಇದರೊಳಗೆ ಬೇರೆ ಬೇರೆ ರಾಷ್ಟ್ರಗಳ ಶೈಲಿಯಲ್ಲಿ ಅಲಂಕರಿಸಿದ 31 ಕೊಠಡಿಗಳಿವೆ. ಭಾರತದ ಕೊಠಡಿಯು ನಾಲಂದದ ಇಟ್ಟಿಗೆಯ ಅಂಗಳವನ್ನು ಹೋಲುವಂಥದು. ಇವು ಬರಿಯ ಪ್ರದರ್ಶನದವಲ್ಲ, ಪಾಠವೂ ನಡೆಯುತ್ತದೆ, ಆದುದರಿಂದ ನಾಲಂದದಲ್ಲಿ ಕುಳಿತು ಆಕಳಿಸುವ ವಿದ್ಯಾರ್ಥಿಗಳನ್ನು ಇಂದಿಗೂ ಕಾಣಬಹುದು. ಇದೇ ವಿಶ್ವವಿದ್ಯಾಲಯದಲ್ಲಿ ಜೋನಸ್ ಸಾಲ್ಕ್ ರೂಪಿಸಿದ ಪೋಲಿಯೊ ಲಸಿಕೆಯು ಸುರಕ್ಷಿತವೆಂದು 1955ರಲ್ಲಿ ಸಾರಲಾಯಿತು. ಸಮೀಪದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಫಾಲ್ಮನ್ ಎಂಬ ಪ್ರಾಧ್ಯಾಪಕನು, ಕಂಪ್ಯೂಟರಿನಲ್ಲಿ ಬರೆದ ತಮಾಷೆಯನ್ನು ಜನ ನಿಜವೆಂದು ತಿಳಿದು ಜಗಳವಾಡುವುದನ್ನು ತಪ್ಪಿಸಲು, ಎರಡು ಚುಕ್ಕೆ, ಒಂದು ಗೀಟು, ಒಂದು ಕಂಸ ಸೇರಿಸಿ ನಗುವ ಮುಖದ ಗುರುತನ್ನು 1982ರಲ್ಲಿ ಸೂಚಿಸಿದನು. ಹಾಸ್ಯಕ್ಕೆ ಹಾಸ್ಯವೆಂದು ಚೀಟಿ ಅಂಟಿಸಬೇಕಾದ ಗತಿ ಲಲಿತ ಪ್ರಬಂಧಕಾರರಿಗೆ ಇನ್ನೂ ಬಂದಿಲ್ಲವೆಂದು ಆಶಿಸಬೇಕು.

ಕಾರ್ನೆಗಿಯ ಹೆಸರು ಬಂದುದರಿಂದ ಒಂದು ಮಾತನ್ನು ನಗೆಯಿಲ್ಲದೆಯೇ ಹೇಳಬೇಕಾಗಿದೆ. 1901ರಲ್ಲಿ ತನ್ನ ಉಕ್ಕಿನ ಸಂಸ್ಥೆಯನ್ನು 48 ಕೋಟಿ ಡಾಲರಿಗೆ ಮಾರಿ ಗ್ರಂಥಾಲಯಗಳ ದಾನಿಯೆನಿಸಿದ ಆಂಡ್ರೂ ಕಾರ್ನೆಗಿಯ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ 1892ರ ಜುಲೈ 6ರಂದು ಕಾರ್ಮಿಕರಿಗೂ ಕಂಪನಿಯು ದೋಣಿಯಲ್ಲಿ ಕರೆಸಿದ ಖಾಸಗಿ ಕಾವಲುಪಡೆಗೂ ಗುಂಡಿನ ಕಾಳಗ ನಡೆದು ಎರಡೂ ಕಡೆಯವರು ಸತ್ತರು. ಯಜಮಾನನು ಆಗ ಸ್ಕಾಟ್ಲೆಂಡಿನಲ್ಲಿದ್ದನು. ಆರು ವರ್ಷದ ತರುವಾಯ ಹೋಮ್‌ಸ್ಟೆಡ್ಡಿನಲ್ಲಿಯೂ ಒಂದು ಭವ್ಯ ಗ್ರಂಥಾಲಯ ತೆರೆಯಿತು, ದಿನಕ್ಕೆ ಹನ್ನೆರಡು ಗಂಟೆ ದುಡಿಯುವವರು ಅದರಲ್ಲಿ ಯಾವಾಗ ಓದಬೇಕೆಂಬುದನ್ನು ಮಾತ್ರ ದಾನಪತ್ರ ಹೇಳಲಿಲ್ಲ. ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಅಂಗಡಿಗಳೂ ಸಿನಿಮಾ ಮಂದಿರವೂ ಇವೆ. ಸಾಲಾಗಿ ನಿಂತ ಹನ್ನೆರಡು ಇಟ್ಟಿಗೆಯ ಹೊಗೆಕೊಳವೆಗಳನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಊರಿನ ಇತಿಹಾಸ ತಿಳಿಯಲು ವಸ್ತುಸಂಗ್ರಹಾಲಯಕ್ಕಿಂತ ಇಲ್ಲಿ ಅರ್ಧ ಗಂಟೆ ನಿಲ್ಲುವುದೇ ಮೇಲು.

ಆಕ್ಷೇಪಗಳಿಗೆ ಕೊನೆಯಿಲ್ಲ. ಮೋಡ ಹೆಚ್ಚೆಂಬುದು ನಿಜ. ಅಕ್ಟೋಬರಿನಲ್ಲಿ ಗುಡ್ಡಗಳ ಮರಗಳು ಬಣ್ಣ ಬದಲಿಸುವಾಗ ಬಂದರೆ ಆ ದೂರಿಗೆ ಎಡೆಯಿರುವುದಿಲ್ಲ. ನಾಲ್ಕು ದಿನ ಹೆಚ್ಚಾಯಿತೆಂಬವರಿಗೆ ಯಂತ್ರಗಳ ಉದಾಹರಣೆಯನ್ನು ಕೊಡಬಹುದು. ಊಬರ್ ಸಂಸ್ಥೆಯು ಚಾಲಕನಿಲ್ಲದೆ ಓಡುವ ಕಾರುಗಳಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡು ಪರೀಕ್ಷಿಸಲು 2016ರಲ್ಲಿ ಈ ನಗರವನ್ನೇ ಆಯ್ದುಕೊಂಡಿತು. ಸುರಂಗ, ಸೇತುವೆ, ಹಿಮ, ಡೊಂಕುಬೀದಿಗಳ ಈ ಊರಿನಲ್ಲಿ ಓಡಾಡಲು ಕಲಿತದ್ದು ಎಲ್ಲಿ ಬೇಕಾದರೂ ಓಡಾಡಬಲ್ಲದೆಂಬುದು ಆ ಕಾಲದ ತರ್ಕ. ಚಾಲಕನ ಸೀಟಿನಲ್ಲಿ ಮುಂಜಾಗ್ರತೆಗಾಗಿ ಒಬ್ಬ ಮನುಷ್ಯನನ್ನೂ ಕೂರಿಸಿದ್ದರು. ವರ್ಷಗಟ್ಟಲೆ ಅಭ್ಯಾಸ ಮಾಡಿಸಿದರೂ ಊರು ಪೂರ್ತಿ ವಶವಾಗದೆ, ಆ ವಿಭಾಗವನ್ನು ಪಿಟ್ಸ್‌ಬರ್ಗಿನಲ್ಲಿಯೇ ಕೇಂದ್ರ ಕಚೇರಿಯುಳ್ಳ ಅರೋರಾ ಎಂಬ ಸಂಸ್ಥೆಗೆ ಮಾರಲಾಯಿತು. ಅರೋರಾ 2025ರಲ್ಲಿ ಚಾಲಕನಿಲ್ಲದ ಲಾರಿಗಳ ಸಾಗಣೆಯನ್ನು ಆರಂಭಿಸಿದ್ದು ಟೆಕ್ಸಾಸಿನಲ್ಲಿ, ಡಲಾಸಿನಿಂದ ಹ್ಯೂಸ್ಟನ್ನಿಗೆ ಹೋಗುವ ಸಪಾಟಾದ ಹೆದ್ದಾರಿಯ ಮೇಲೆ. ಅಲ್ಲಿ ಕೈಬೀಸಿ ಎಡಕ್ಕೆ ಬಿಡುವವರೂ ಇಲ್ಲ, ರಸ್ತೆಯಲ್ಲಿ ಕುರ್ಚಿ ಇಡುವವರೂ ಇಲ್ಲ.