150 ಅಕ್ಷರಗಳ ಸೀರೆ

'ವಿಮೆನ್ಸ್ ಇಳಕಲ್ ಸ್ಟೈಲ್ ಪ್ಯೂರ್ ಸಾಫ್ಟ್ ಸಿಲ್ಕ್ ಕಾಟನ್ ಬ್ಲೆಂಡ್ ಹ್ಯಾಂಡ್‌ಲೂಮ್ ಲುಕ್ ಬನಾರಸಿ ಕಾಂಜೀವರಂ ಪೈಠಣಿ ಪಾರ್ಟಿ ವೇರ್ ವೆಡ್ಡಿಂಗ್ ಫೆಸ್ಟಿವಲ್ ಲೇಟೆಸ್ಟ್ ಟ್ರೆಂಡಿಂಗ್ ಸಾರಿ ಫಾರ್ ಗರ್ಲ್ಸ್ ವಿತ್ ಬ್ಲೌಸ್ ಪೀಸ್ ಗಿಫ್ಟ್ ಫಾರ್ ಮದರ್.'

ಇದು ಒಂದು ಸೀರೆಯ ಹೆಸರು. ಆನ್‌ಲೈನ್ ಅಂಗಡಿಯಲ್ಲಿ ಬೆರಳಾಡಿಸುವವರಿಗೆ ಇಂಥ ನಾಮಾವಳಿ ಹೊಸದಲ್ಲ. ಲಲಿತಾ ಸಹಸ್ರನಾಮದಲ್ಲಿ ಹೆಸರು ಸಾವಿರ, ದೇವಿ ಒಬ್ಬಳೇ. ಇಲ್ಲಿ ಹೆಸರು ಒಂದೇ, ಒಳಗೆ ನಾಲ್ಕು ಊರಿನ ಸೀರೆಗಳಿವೆ. ಪಾರ್ಸೆಲ್ ಬಿಚ್ಚಿದಾಗ ಹೊರಬರುವುದು ಐದನೆಯ ಊರಿನದು.

ಹೀಗೆ ಹೆಸರಿಡಲು ಈಗ ಒಂದು ವೃತ್ತಿಯೇ ಇದೆ. ಆ ವೃತ್ತಿಯವರನ್ನು ಕ್ಯಾಟಲಾಗ್ ಎಕ್ಸಿಕ್ಯೂಟಿವ್, ಲಿಸ್ಟಿಂಗ್ ಸ್ಪೆಷಲಿಸ್ಟ್, ಇನ್ನೂ ಸ್ವಲ್ಪ ಸಂಬಳ ಹೆಚ್ಚಾದರೆ ಫೀಡ್ ಆಪ್ಟಿಮೈಸೇಶನ್ ಕನ್ಸಲ್ಟೆಂಟ್ ಎನ್ನುತ್ತಾರೆ. ಫೀಡ್ ಎಂದರೆ ಹೆದರಬೇಕಾಗಿಲ್ಲ. ಅದು ಒಂದು ದೊಡ್ಡ ಎಕ್ಸೆಲ್ ಶೀಟು. ಅಡ್ಡಕ್ಕೆ ಒಂದೊಂದು ಸಾಲು ಒಂದೊಂದು ಸರಕು; ಉದ್ದಕ್ಕೆ ಒಂದೊಂದು ಕಾಲಂ ಆ ಸರಕಿನ ಒಂದೊಂದು ಗುಣ. ಹೆಸರು, ವಿವರಣೆ, ಬೆಲೆ, ಫೋಟೋ, ಬಣ್ಣ, ಅಳತೆ, ದಾಸ್ತಾನು ಇದೆಯೋ ಇಲ್ಲವೋ. ಇದನ್ನು ಗೂಗಲಿನ ಮರ್ಚೆಂಟ್ ಸೆಂಟರಿಗೋ ಇನ್ನೊಂದು ಮಾರುಕಟ್ಟೆ ತಾಣಕ್ಕೋ ಕಳಿಸಿದರೆ ಅಲ್ಲಿನ ಯಂತ್ರ ಅದನ್ನು ಓದಿ, ಯಾರು ಏನು ಹುಡುಕಿದಾಗ ನಿಮ್ಮ ಸರಕು ತೋರಿಸಬೇಕು ಎಂದು ತೀರ್ಮಾನಿಸುತ್ತದೆ. ಗೂಗಲ್ ಹೆಸರಿಗೆ 150 ಅಕ್ಷರ ಕೊಟ್ಟಿದೆ, ವಿವರಣೆಗೆ 5,000. ಮೊಬೈಲ್ ಪರದೆಯ ಮೇಲೆ ಆ 150ರಲ್ಲಿ ಅರ್ಧವೂ ಕಾಣುವುದಿಲ್ಲ. ಉಳಿದದ್ದು ಯಂತ್ರದ ಕಿವಿಗೆ ಊದುವ ಮಂತ್ರ.

ಇಳಕಲ್ಲಿನ ಒಬ್ಬ ಸೀರೆ ಅಂಗಡಿ ಯಜಮಾನರು ಆನ್‌ಲೈನ್ ವ್ಯಾಪಾರಕ್ಕೆ ಇಳಿದರು ಎಂದಿಟ್ಟುಕೊಳ್ಳಿ. ಬೆಂಗಳೂರಿನಿಂದ ಬ್ಯಾಕ್‌ಪ್ಯಾಕ್ ಹಾಕಿಕೊಂಡ ತರುಣನೊಬ್ಬ ಬಂದು ಗಾದಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚುತ್ತಾನೆ.

"ತಮ್ಮಾ, ನಮ್ಮದು ಇಳಕಲ್ ಸೀರಿ. ಹಂಗಂತ ಬರಿ, ಸಾಕು."

"ಹಾಗೆ ಬರೆದರೆ ರ‍್ಯಾಂಕ್ ಆಗಲ್ಲ ಸರ್."

"ನಮ್ಮಪ್ಪನ ಕಾಲದಿಂದ ಇದs ಹೆಸರು ಕೇಳಿ ಮಂದಿ ಬಂದು ಒಯ್ತಾರಲ್ಲೋ."

"ಮಂದಿ ಬರ್ತಾರೆ ಸರ್. ಅಲ್ಗಾರಿದಮ್ ಬರಬೇಕಲ್ಲ?"

"ಅದಿರ‍್ಲಿ, ಕಾಂಜೀವರಂ ಅಂತ ಯಾಕ ಹಾಕೀದಿ? ನಮ್ಮ ಅಂಗಡ್ಯಾಗ ಅದು ಒಂದೂ ಇಲ್ಲ."

"ಅದಕ್ಕೆ ಸರ್ಚ್ ವಾಲ್ಯೂಮ್ ಜಾಸ್ತಿ ಸರ್."

"ಮತ್ತ ಅದನ್ನ ಕೇಳಿದವರಿಗೆ ಏನ ಕೊಡೂನು?"

"ಇಳಕಲ್ಲೇ ಕೊಡಿ. ಬೇಡ ಅಂದರೆ ರಿಟರ್ನ್ ಮಾಡ್ತಾರೆ."

ಇಳಕಲ್, ಬನಾರಸ್, ಕಾಂಚೀಪುರ, ಪೈಠಣ. ಈ ನಾಲ್ಕು ಸೀರೆಗಳಿಗೂ ಭೌಗೋಳಿಕ ಸೂಚಿ, ಅಂದರೆ ಜಿಐ ಮಾನ್ಯತೆ ಇದೆ. ಆಯಾ ಊರಿನ ಹೆಸರನ್ನು ಆಯಾ ಊರಿನ ನೇಕಾರರೇ ಬಳಸಬೇಕು ಎಂದು 1999ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಆ ನಾಲ್ಕು ಊರುಗಳ ನೇಕಾರರನ್ನೂ ಒಂದೇ ಸಾಲಿನಲ್ಲಿ ದೋಚಬಹುದು ಎಂದು ಕಾಯ್ದೆ ಮಾಡಿದವರಿಗೆ ಹೊಳೆದಿರಲಾರದು. 'ಸ್ಟೈಲ್', 'ಲುಕ್', 'ಟೈಪ್' ಎಂಬ ಮೂರು ಪದಗಳು ಇಲ್ಲಿ ನಿರೀಕ್ಷಣಾ ಜಾಮೀನಿನ ಕೆಲಸ ಮಾಡುತ್ತವೆ. ಹ್ಯಾಂಡ್‌ಲೂಮ್ ಲುಕ್ ಎಂದರೆ ಕೈಮಗ್ಗದ ಕಡೆಗೆ ಒಮ್ಮೆ ನೋಡಿದೆ ಎಂದರ್ಥ. ಸಾಫ್ಟ್ ಸಿಲ್ಕ್ ಎಂದರೆ ಸಿಲ್ಕಿನ ವಿಚಾರದಲ್ಲಿ ಸ್ವಲ್ಪ ಮೆತ್ತಗೆ ಮಾತಾಡಿ ಎಂದರ್ಥ.

ಶೀಟು ಮುಂದುವರಿಯುತ್ತದೆ. ಮುಂದಿನ ಕಾಲಂ ಜಿಟಿಐಎನ್. ಸರಕಿನ ಬೆನ್ನ ಮೇಲಿನ ಬಾರ್‌ಕೋಡಿನ ಕೆಳಗೆ ಇರುತ್ತದಲ್ಲ, ಆ 13 ಅಂಕಿ. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಪೊಟ್ಟಣ ಚ್ಯೂಯಿಂಗ್ ಗಮ್ಮಿನ ಮೇಲೆ ಈ ಬಗೆಯ ಮೊದಲ ಬಾರ್‌ಕೋಡ್ ಓದಿಸಿದರು. ಅಂದಿನಿಂದ ಜಗಿದು ಉಗಿಯುವ ಗಮ್ಮಿಗೂ ಜಗತ್ತಿನಲ್ಲಿ ಒಂದು ಗುರುತಿದೆ. ನಮ್ಮ ದೇಶದಲ್ಲಿ ನೋಂದಾಯಿಸಿದ ಕಂಪನಿಗಳ ಸಂಖ್ಯೆ 890ರಿಂದ ಶುರುವಾಗುತ್ತದೆ. ಅದು ಕಂಪನಿ ಎಲ್ಲಿ ನೋಂದಣಿಯಾಗಿದೆ ಎಂದಷ್ಟೇ ಹೇಳುತ್ತದೆ, ಸರಕು ಎಲ್ಲಿ ತಯಾರಾಯಿತು ಎಂದು ಹೇಳುವುದಿಲ್ಲ. ವಾಟ್ಸ್‌ಆ್ಯಪಿನ ದೇಶಭಕ್ತರಿಗೆ ಇದನ್ನು ಹೇಳಲು ಹೋಗಬೇಡಿ, ಗ್ರೂಪಿನಿಂದ ತೆಗೆಯುತ್ತಾರೆ.

ಕೈಮಗ್ಗದ ಸೀರೆಗೆ ಈ 13 ಅಂಕಿ ಎಲ್ಲಿಂದ ಬರಬೇಕು? ಗೂಗಲ್ ಉದಾರಿ. ಅದಕ್ಕೂ ಒಂದು ಕಾಲಂ ಇಟ್ಟಿದೆ: 'ಗುರುತು ಇದೆಯೇ?' ಉತ್ತರ ಹೌದು ಅಥವಾ ಇಲ್ಲ. ತರುಣ 'ಇಲ್ಲ' ಎಂದು ಒತ್ತುತ್ತಾನೆ. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ವಿದ್ಯೆ, ಕೆಂಪು ನೆಲದ ಮೇಲೆ ಬಿಳಿ ತೆನೆ ಎದ್ದು ನಿಲ್ಲುವ ಸೆರಗು, ಗೋಮಿ, ಗಾಡಿ, ಪರಾಸಪೇಟಿ ಎಂದು ಹೆಸರು ಹಿಡಿದು ಕರೆಯುವ ದಡಿ. ನೂರು ಹೆಜ್ಜೆ ದೂರದಿಂದಲೇ ಉತ್ತರ ಕರ್ನಾಟಕದ ಯಾವ ಅಜ್ಜಿಯೂ ಗುರುತಿಸುವ ಈ ಸೀರೆ ಅಧಿಕೃತವಾಗಿ ಗುರುತಿಲ್ಲದ ಸರಕು. ಚ್ಯೂಯಿಂಗ್ ಗಮ್ಮಿನ ಮುಂದೆ ಅದು ತಲೆ ತಗ್ಗಿಸಿ ನಿಲ್ಲಬೇಕು.

ಮುಂದೆ, ವರ್ಗ. ಗೂಗಲಿನ ವರ್ಗಪಟ್ಟಿಯಲ್ಲಿ ಸಾವಿರಾರು ಕವಲುಗಳಿವೆ. ಉಡುಪು, ಅದರೊಳಗೆ ಬಟ್ಟೆ, ಅದರೊಳಗೆ 'ಸಾಂಪ್ರದಾಯಿಕ ಮತ್ತು ವಿಧಿವಿಧಾನದ ಬಟ್ಟೆ', ಅದರೊಳಗೆ 'ಸೀರೆ ಮತ್ತು ಲೆಹಂಗಾ'. ಹೊಲದಲ್ಲಿ ಕಳೆ ಕೀಳುವಾಗ, ಬಸ್ಸಿನಲ್ಲಿ ಟಿಕೆಟ್ ಹರಿಯುವಾಗ, ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಉಟ್ಟಿರುವ ಸೀರೆ ಯಾವ ವಿಧಿವಿಧಾನದ್ದು ಎಂದು ಕೇಳಬೇಡಿ. ಆ ಪಟ್ಟಿ ಬರೆದವರು ಸೀರೆಯನ್ನು ಮದುವೆಯ ಆಲ್ಬಮ್ಮಿನಲ್ಲಿ ನೋಡಿದ್ದಾರೆ. ವಯೋಮಾನ ಎಂಬ ಕಾಲಮ್ಮಿನಲ್ಲಿ ನವಜಾತ ಶಿಶುವಿನಿಂದ ವಯಸ್ಕರವರೆಗೆ ಆಯ್ಕೆ ಇದೆ. ಸ್ಥಿತಿ ಎಂಬ ಕಾಲಮ್ಮಿನಲ್ಲಿ ಹೊಸದು, ಬಳಸಿದ್ದು, ರಿಪೇರಿ ಮಾಡಿ ಹೊಸದಾಗಿಸಿದ್ದು ಎಂದು ಮೂರೇ. ಅವ್ವನ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಈ ಮೂರರಲ್ಲಿ ಯಾವುದು ಎಂದು ಯಜಮಾನರು ಕೇಳಿದರೆ ತರುಣ ಟೀ ಕುಡಿಯಲು ಎದ್ದು ಹೋಗುತ್ತಾನೆ.

ಬೆಲೆಯ ಕಾಲಂ ಬಂದಾಗ ಎಲ್ಲರಿಗೂ ಕೈ ಚುರುಕಾಗುತ್ತದೆ. 4,999 ಎಂದು ಬರೆದು ಅಡ್ಡಗೆರೆ ಎಳೆದು ಪಕ್ಕದಲ್ಲಿ 799. ಆ 4,999ಕ್ಕೆ ಆ ಸೀರೆ ಎಂದೂ ಎಲ್ಲೂ ಮಾರಾಟವಾದದ್ದಿಲ್ಲ. ಅದು ಹುಟ್ಟಿದ್ದೇ ಹೊಡೆಸಿಕೊಳ್ಳಲು. ಅದರ ಕೆಳಗೆ 'ಇನ್ನು 2 ಮಾತ್ರ ಉಳಿದಿವೆ' ಎಂಬ ಎಚ್ಚರಿಕೆ. ಗೋದಾಮಿನಲ್ಲಿ ಇನ್ನೂರು ಕೂತಿರುತ್ತವೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ ಡಾರ್ಕ್ ಪ್ಯಾಟರ್ನ್‌ಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿ 13 ಬಗೆಯ ಮೋಸಗಳನ್ನು ಪಟ್ಟಿ ಮಾಡಿತು. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಸರಕು ತುರುಕುವುದು, ಕೊನೆಯ ಹೆಜ್ಜೆಯಲ್ಲಿ ಬೆಲೆ ಏರಿಸುವುದು ಇತ್ಯಾದಿ. ಅದನ್ನು ನಿಷೇಧದ ಪಟ್ಟಿ ಎಂದು ಓದಿದವರು ಕೆಲವರು, ಪಠ್ಯಕ್ರಮ ಎಂದು ಓದಿದವರು ಹಲವರು.

ಯಂತ್ರಕ್ಕೆ ಮಾತ್ರ ಬೆಲೆಯಲ್ಲಿ ಸುಳ್ಳು ಹೇಳುವ ಹಾಗಿಲ್ಲ. ಫೀಡಿನಲ್ಲಿ 799 ಎಂದಿದ್ದು ನಿಮ್ಮ ಪುಟದಲ್ಲಿ 849 ಎಂದಿದ್ದರೆ ಗೂಗಲ್ ಆ ಸರಕನ್ನೇ ತಿರಸ್ಕರಿಸುತ್ತದೆ. ಫೋಟೋದ ಮೇಲೆ 'ಫ್ರೀ ಡೆಲಿವರಿ' ಎಂದು ಬರೆದರೂ ತಿರಸ್ಕಾರ. ವ್ಯಾಪಾರದ ನೀತಿ ಈಗ ಸ್ಪಷ್ಟ: ಯಂತ್ರಕ್ಕೆ ಸುಳ್ಳು ಹೇಳಿದವನು ಡಿಸ್‌ಅಪ್ರೂವ್ಡ್, ಗಿರಾಕಿಗೆ ಸುಳ್ಳು ಹೇಳಿದವನು ಬೆಸ್ಟ್ ಸೆಲ್ಲರ್.

ವಿವರಣೆಯ 5,000 ಅಕ್ಷರ ತುಂಬಿಸುವುದು ಮೊದಲು ಕಷ್ಟವಾಗಿತ್ತು. ಈಗ ಎಐ ಇದೆ. 'ಈ ಮನಮೋಹಕ ಸೀರೆ ಸಂಪ್ರದಾಯ ಮತ್ತು ಆಧುನಿಕತೆಯ ಪರಿಪೂರ್ಣ ಸಂಗಮ' ಎಂದು ಶುರುಮಾಡಿ, ಒರೆಸುವ ಬಟ್ಟೆಗೂ ಅದೇ ಸಂಗಮವನ್ನು ಅಂಟಿಸಿ ಮುಗಿಸುತ್ತದೆ. ಅಂಟಿಸುವವನು ಓದುವುದಿಲ್ಲ. 2024ರ ಜನವರಿಯಲ್ಲಿ ಅಮೆಜಾನಿನಲ್ಲಿ ಕೆಲವು ಸರಕುಗಳ ಹೆಸರೇ ಹೀಗಿತ್ತು: ಕ್ಷಮಿಸಿ, ಈ ಕೋರಿಕೆ ಓಪನ್‌ಎಐ ನೀತಿಗೆ ವಿರುದ್ಧವಾದ್ದರಿಂದ ಪೂರೈಸಲಾರೆ. ಪೀಠೋಪಕರಣದ ಹೆಸರಿನ ಜಾಗದಲ್ಲಿ ಯಂತ್ರದ ಕ್ಷಮಾಪಣೆ ಮಾರಾಟಕ್ಕಿತ್ತು. ಸುದ್ದಿಯಾದ ಮೇಲೆ ತೆಗೆದರು. ಇಡೀ ಆನ್‌ಲೈನ್ ಸಂತೆಯಲ್ಲಿ 'ನನ್ನಿಂದ ಆಗುವುದಿಲ್ಲ' ಎಂದು ಪ್ರಾಮಾಣಿಕವಾಗಿ ಹೇಳಿದ ಲಿಸ್ಟಿಂಗ್‌ಗಳು ಅವು ಮಾತ್ರ.

ಕೊನೆಗೆ ಯಂತ್ರ ಸಾಕಿದವರಿಗೇ ಸಾಕಾಯಿತು. 2025ರ ಜನವರಿಯಿಂದ ಅಮೆಜಾನ್ ಹೊಸ ನಿಯಮ ತಂದಿತು: ಹೆಸರು ಸಾಮಾನ್ಯವಾಗಿ 200 ಅಕ್ಷರ ಮೀರಬಾರದು, ಒಂದೇ ಪದ ಎರಡಕ್ಕಿಂತ ಹೆಚ್ಚು ಸಲ ಬರಬಾರದು, ಉದ್ಗಾರ ಚಿಹ್ನೆಯಂಥ ಅಲಂಕಾರ ಬೇಡ. ಒಂದು ಸರಕಿನ ಹೆಸರಿನಲ್ಲಿ 'ಸಾರಿ' ಎಂದು ಎಷ್ಟು ಸಲ ಬರೆಯಬೇಕು ಎನ್ನುವುದಕ್ಕೆ ಜಗತ್ತಿನ ಅತಿ ದೊಡ್ಡ ಅಂಗಡಿಗಳಲ್ಲೊಂದು ಶಾಸನ ಮಾಡಬೇಕಾಯಿತು. ನಮ್ಮ ತರುಣ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರನೆಯ ಸಲ 'ಸ್ಯಾರೀ' ಎಂದು ಬರೆಯುತ್ತಾನೆ.

ಚೆಂದದ ಹೆಸರಿನ ಮಹಿಮೆ ಸಣ್ಣದೇನಲ್ಲ. 2018ರ ಆರಂಭದಲ್ಲಿ ಅಮೆಜಾನಿನ ಭಾರತದ ತಾಣದಲ್ಲಿ ತೆಂಗಿನ ಚಿಪ್ಪು 'ನ್ಯಾಚುರಲ್ ಕೋಕೊನಟ್ ಶೆಲ್ ಕಪ್' ಎಂಬ ನಾಮಾಂಕಿತದಲ್ಲಿ ಸಾವಿರ ರೂಪಾಯಿಗೂ ಮೀರಿದ ಬೆಲೆಗೆ ಕಾಣಿಸಿಕೊಂಡು ದೇಶವೆಲ್ಲ ನಕ್ಕಿತು. ಹಿತ್ತಿಲಿನಲ್ಲಿ ಒಲೆಗೆ ಹಾಕಲು ರಾಶಿ ಬಿದ್ದಿರುವ ವಸ್ತು. ವ್ಯಾಪಾರದಲ್ಲಿ ಮೋಸಹೋದವನ ಕೈಗೆ ಚಿಪ್ಪು ಬಂತು ಎನ್ನುವುದು ಹಳೆಯ ಮಾತು. ಇಲ್ಲಿ ಅದು ಡಿಸ್ಕೌಂಟಿನೊಂದಿಗೆ ಬಂತು.

ಈಗ ಯಂತ್ರವನ್ನು ಬೈದು ಮುಗಿಸಿದರೆ ಓದುಗರಿಗೆ ಹಿತವಾಗುತ್ತದೆ. ಆದರೆ ಆ ಶೀಟನ್ನು ಇನ್ನೊಮ್ಮೆ ನೋಡಿ. ಅದರಲ್ಲಿ 'ನೂಲು' ಯಾವುದು ಎಂದು ಕೇಳುವ ಕಾಲಂ ಇದೆ. ಅಳತೆಗೆ ಕಾಲಂ ಇದೆ. ವಿನ್ಯಾಸಕ್ಕೆ ಇದೆ. ಹೆಚ್ಚಿನ ವಿವರಗಳನ್ನು ಒಂದೊಂದಾಗಿ ತುಂಬಲು ಜಾಗವೂ ಇದೆ. ಒಡಲು ಹತ್ತಿಯೋ ರೇಷ್ಮೆಯೋ, ಸೆರಗು ಅಸಲಿ ರೇಷ್ಮೆಯೋ ಚಮಕಾ ಎಂಬ ಕೃತಕ ರೇಷ್ಮೆಯೋ, ಸೀರೆ ಆರು ಗಜವೋ ಒಂಬತ್ತು ಗಜವೋ, ಕೈಮಗ್ಗವೋ ವಿದ್ಯುತ್ ಮಗ್ಗವೋ ಎಂದು ಬರೆಯಲು ಯಾರೂ ಅಡ್ಡ ಬಂದಿಲ್ಲ. ಯಂತ್ರ ಕೇಳಿದ ಪ್ರಶ್ನೆಗಳು ನೇರವಾಗಿವೆ. ಹಿಂದೆ ಗಾದಿಯ ಮೇಲೆ ಸೀರೆ ಬಿಡಿಸಿ ತೋರಿಸುವಾಗ ಗಿರಾಕಿ ಕೇಳುತ್ತಿದ್ದ ಪ್ರಶ್ನೆಗಳೂ ಇವೇ. ಅವೆಲ್ಲವನ್ನೂ ಖಾಲಿ ಬಿಟ್ಟು, 'ಫ್ರೀ ಸೈಜ್' ಎಂದು ಬರೆದು, ಇದ್ದಬದ್ದ ಬುದ್ಧಿಯನ್ನೆಲ್ಲ ಹೆಸರಿನ ಕಾಲಮ್ಮಿಗೆ ಸುರಿದವರು ನಾವು. ಈ ಕೆಲಸಕ್ಕೆ ನಾವು ಇಟ್ಟುಕೊಂಡ ಹೆಸರು 'ಡೇಟಾ ಇಂಪ್ರೂವ್‌ಮೆಂಟ್'.

ಕಾನೂನೂ ಸುಮ್ಮನಿಲ್ಲ. ಪೊಟ್ಟಣ ಕಟ್ಟಿದ ಸರಕಿನ ಕಾನೂನು ಮಾಪನ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ 2018ರ ಜನವರಿ 1ರಿಂದ ಆನ್‌ಲೈನ್ ತಾಣಗಳೂ ತಯಾರಕರ ಹೆಸರು, ಪ್ರಮಾಣ, ಎಂಆರ್‌ಪಿ, ಸರಕಿನ ಸಾಮಾನ್ಯ ಹೆಸರು ಇವನ್ನೆಲ್ಲ ತೋರಿಸಬೇಕು. 2020ರ ಇ-ವಾಣಿಜ್ಯ ನಿಯಮಗಳು ತಯಾರಾದ ದೇಶವನ್ನೂ ಹೇಳಿ ಎಂದವು. ಸಾಮಾನ್ಯ ಹೆಸರು! ಸೀರೆಗೆ 'ಸೀರೆ' ಎನ್ನಬೇಕೆಂದು ಸರ್ಕಾರ ಅಪ್ಪಣೆ ಕೊಡಿಸಬೇಕಾದ ಕಾಲ ಇದು. ತಾಣಗಳು ವಿಧೇಯವಾಗಿ ಪಾಲಿಸಿವೆ. ಪುಟದ ತಳಕ್ಕೆ ಇಳಿದು, ಬಾಣದ ಗುರುತು ಒತ್ತಿ, ಬಿಚ್ಚಿಕೊಂಡ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದುವ ಗಿರಾಕಿಗೆ ಸತ್ಯದರ್ಶನವಾಗುತ್ತದೆ: 'ಪಾಲಿಯೆಸ್ಟರ್.'

ಸುಳ್ಳಿನ ಲೆಕ್ಕವೂ ಒಂದು ದಿನ ಶೀಟಿಗೇ ಬರುತ್ತದೆ. ಕಾಂಜೀವರಂ ಹುಡುಕಿ ಬಂದವಳು ಇಳಕಲ್ ನೋಡಿ ವಾಪಸ್ ಕಳಿಸುತ್ತಾಳೆ. ಹೋದ ಕೊರಿಯರ್ ಖರ್ಚು, ಬಂದ ಖರ್ಚು, ಮಡಿಕೆ ಕೆಟ್ಟ ಸೀರೆ, ಒಂದು ನಕ್ಷತ್ರದ ವಿಮರ್ಶೆ ಎಲ್ಲ ಅಂಗಡಿಯವನ ತಲೆಗೆ. ಇಳಕಲ್ಲನ್ನೇ ಹುಡುಕುತ್ತಿದ್ದವಳು ನಾಲ್ಕು ಊರಿನ ಹೆಸರು ನೋಡಿ ಇದು ಅಸಲಿ ಇರಲಾರದು ಎಂದು ಮುಂದೆ ಹೋಗಿರುತ್ತಾಳೆ. ಬೇಡದವಳನ್ನು ಕರೆದು ಬೇಕಾದವಳನ್ನು ಓಡಿಸುವ ಈ ಜಾಣತನಕ್ಕೆ ಆ ತರುಣನಿಗೆ ತಿಂಗಳ ಫೀಸು ಬೇರೆ. ನಿಜವಾದ ಕೈಮಗ್ಗದ ನೇಕಾರನ ಸ್ಥಿತಿ ಇನ್ನೂ ಕಷ್ಟ. ಅವನ ಸೀರೆಯೂ 'ಹ್ಯಾಂಡ್‌ಲೂಮ್ ಲುಕ್' ಸೀರೆಯೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ಕೂತಾಗ, ಬೆಲೆ ಹೆಚ್ಚಾದ ಅವನೇ ಮೋಸಗಾರನಂತೆ ಕಾಣುತ್ತಾನೆ.

ಆದ್ದರಿಂದ ಮಾರುವವರಲ್ಲಿ ಒಂದು ವಿನಂತಿ. ಫೀಡು ಸುಧಾರಿಸಬೇಕೆಂದರೆ ಹೆಸರಿನಿಂದ ಮೂರು ಊರು ತೆಗೆಯಿರಿ, ಹಗಲು ಬೆಳಕಿನಲ್ಲಿ ಸೆರಗು ಹರಡಿ ಫೋಟೋ ತೆಗೆಯಿರಿ, ನೇಯ್ದ ಸಹಕಾರ ಸಂಘದ ಹೆಸರನ್ನು ತಯಾರಕರ ಜಾಗದಲ್ಲಿ ಹಾಕಿ, ಖಾಲಿ ಬಿಟ್ಟ ಕಾಲಂಗಳನ್ನು ತುಂಬಿ. ಇದಕ್ಕೆ ಕನ್ಸಲ್ಟೆಂಟ್ ಬೇಡ, ಟೇಪು ಸಾಕು. ಕೊಳ್ಳುವವರಿಗೂ ಒಂದು ಮಾತು: ನೂಲು ಯಾವುದು, ಅಳತೆ ಎಷ್ಟು, ಮಗ್ಗ ಎಂಥದು ಎಂಬ ಮೂರನ್ನೂ ಬರೆಯದವನ ಸೀರೆ ಕೊಳ್ಳಬೇಡಿ. ದುಡ್ಡು ಬರುವುದು ನಿಂತರೆ ಖಾಲಿ ಕಾಲಂ ತಾನಾಗಿಯೇ ತುಂಬುತ್ತದೆ.