ಹ್ಯಾಂಡಲ್ ಮುಟ್ಟದ ಕಾಕಾ

ಜವಳಗೇರಾ ಸೀಮೆಯ ಹಳ್ಳದ ದಂಡೆಯಲ್ಲಿ ಒಂದು ಡೀಸೆಲ್ ಇಂಜಿನ್ ಚಾಲೂ ಆಗದಿದ್ದರೆ ಆ ಸುದ್ದಿ ಹೊಲದ ಮಾಲೀಕನ ಹೆಂಡತಿಗಿಂತ ಮೊದಲು ಇಂಜಿನ್ ಕಾಕಾಗೆ ಮುಟ್ಟುತ್ತದೆ. ಕಾಕಾಗೆ ಸ್ವಂತ ಇಂಜಿನ್ ಇಲ್ಲ, ಎಂದೂ ಇರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಅವನ ಹೊಲಕ್ಕೆ ತಾನೇ ಇಳಿದು ಬರುತ್ತದೆ. ನೀರು ಏರದ ದಿನ್ನೆಯವರಿಗೆ, ಸರದಿ ತಪ್ಪಿದವರಿಗೆ ಇಂಜಿನ್ ಬೇಕು. (ಕಾಲುವೆಗೇ ಪೈಪು ಬಿಡುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಯಾರು ಕೇಳಿದರೂ ನಮ್ಮ ಕಡೆ ಎಲ್ಲ ಇಂಜಿನ್ನುಗಳೂ ಹಳ್ಳಕ್ಕೇ ಇವೆ.)

ಬಂದವನೇ ಕಾಕಾ ಇಂಜಿನ್ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾನೆ. ಟ್ಯಾಂಕಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾನೆ. ಮೊದಲ ಪ್ರಶ್ನೆ ರೋಗದ್ದಲ್ಲ.

“ಹಿಂದ ಯಾರು ಬಿಚ್ಚಿದ್ರು ಇದನ್ನ?”

“ಸಿಂಧನೂರು ಮಿಸ್ತ್ರಿ, ಕಾಕಾ.”

“ಅದಕ್ಕ ಮತ್ತ!”

ಮಾನ್ವಿ ಮಿಸ್ತ್ರಿ ಅಂದಿದ್ದರೂ “ಅದಕ್ಕ ಮತ್ತ” ಎನ್ನುತ್ತಿದ್ದ. ಯಾರೂ ಬಿಚ್ಚಿಲ್ಲ ಅಂದರೆ ಇನ್ನೂ ಜೋರಾಗಿ.

ಆಮೇಲೆ ಚಿಕಿತ್ಸೆ. “ಪ್ಲಗ್ ಬಿಚ್ಚಿ ಒರಸು” ಎಂದು ಶುರುಮಾಡುತ್ತಾನೆ. ಡೀಸೆಲ್ ಇಂಜಿನ್ನಿಗೆ ಪ್ಲಗ್ಗೇ ಇಲ್ಲ. ಒಳಗಿನ ಗಾಳಿಯನ್ನು ಹದಿನೈದು ಹದಿನಾರು ಪಟ್ಟು ಒತ್ತಿದರೆ ಅದು ಕೆಂಡವಾಗುತ್ತದೆ, ಅದರ ಮೇಲೆ ನಾಜಲ್ ಎಣ್ಣೆ ಸಿಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲೇ ಇದನ್ನು ಓಡಿಸಿ ತೋರಿಸಿದ. ಸುದ್ದಿ ಕಾಕಾನ ತನಕ ಇನ್ನೂ ಬಂದಿಲ್ಲ. “ಪ್ಲಗ್ ಇಲ್ಲಲ್ಲ ಕಾಕಾ” ಎಂದರೆ ಅವನೇನೂ ತಬ್ಬಿಬ್ಬಾಗುವುದಿಲ್ಲ. “ಅದನ್ನೂ ಬಿಚ್ಚಿಕೊಂಡು ಹೋಗ್ಯಾನೇನು ಆ ಮಿಸ್ತ್ರಿ?”

ಹ್ಯಾಂಡಲ್ ಹೊಡೆಯುವ ಕೆಲಸ ಮಾತ್ರ ಅವನದಲ್ಲ. ಲಿವರ್ ಎತ್ತಿ, ಉಸಿರು ಬಿಗಿಹಿಡಿದು, ಚಕ್ರಕ್ಕೆ ವೇಗ ಬರುವತನಕ ತಿರುಗಿಸಿ, ಸರಿಯಾದ ಗಳಿಗೆಗೆ ಲಿವರ್ ಬಿಡಬೇಕು. ತುಸು ತಪ್ಪಿದರೂ ಹ್ಯಾಂಡಲ್ ತಿರುಗಿ ಒದ್ದು ಮಣಿಕಟ್ಟು ಮುರಿಯುತ್ತದೆ. ಹಾಗಾಗಿ ಕಾಕಾ ಐದು ಮಾರು ದೂರ ನಿಂತು, ಟುವಾಲು ಬೀಸುತ್ತ, “ಹೊಡಿ! ಹೊಡಿ! ಈಗ ಬಿಡು! ಛೇ, ಲೇಟ್ ಮಾಡಿದಿ!” ಎಂದು ಹುರಿದುಂಬಿಸುತ್ತಾನೆ. ಹೊಲದವನ ಅಂಗಿ ತೊಯ್ದಿರುತ್ತದೆ. ದಣಿವಾಗಿ ಎಲೆಅಡಿಕೆ ಕೇಳುವವನು ಕಾಕಾ.

ಬಿಡುವಿನಲ್ಲಿ ಭಾಷಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಅದು ಅವನಿಗೆ ಮೊದಲೇ ಗೊತ್ತಿತ್ತಂತೆ. 33 ಗೇಟುಗಳಲ್ಲಿ ಅದೊಂದರ ಸದ್ದು ಬೇರೆ ಇತ್ತಂತೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸಿದ್ದನ್ನು ನಾಡೆಲ್ಲ ಕೊಂಡಾಡಿತು. ಕಾಕಾನೂ ಒಪ್ಪುತ್ತಾನೆ, “ಮನಷ್ಯಾ ಶಾಣ್ಯಾನ ಅದಾನ. ಆದ್ರ ಒಂದು ಮಾತು ನನ್ನ ಕೇಳಬೇಕಾಗಿತ್ತು.”

ಇಷ್ಟರಲ್ಲಿ ಪಕ್ಕದ ಕ್ಯಾಂಪಿನ ಹುಡುಗನೊಬ್ಬ ಬೈಕ್ ನಿಲ್ಲಿಸಿ, ಯಾರನ್ನೂ ಏನೂ ಕೇಳದೆ, ಫಿಲ್ಟರಿನ ಮೇಲಿನ ಬೋಲ್ಟನ್ನು ಎರಡು ಸುತ್ತು ಸಡಿಲಿಸುತ್ತಾನೆ. ನೊರೆನೊರೆಯಾಗಿ ಡೀಸೆಲ್ ಉಕ್ಕುತ್ತದೆ. ಟ್ಯಾಂಕ್ ಖಾಲಿಯಾದಾಗ ಪೈಪು ಏರ್ ಹಿಡಿದಿತ್ತು, ಅಷ್ಟೇ. ಗುಳ್ಳೆ ನಿಂತ ಮೇಲೆ ಬೋಲ್ಟು ಬಿಗಿದು, ನಾಜಲ್ಲಿನ ಕಡೆಯೂ ಹಾಗೇ ಮಾಡಿ, ಹ್ಯಾಂಡಲ್ ಹೊಡೆಯುತ್ತಾನೆ. ಡಗ್… ಡಗ್… ಡಗಡಗಡಗ.

ಆಗ ಕಾಕಾನ ಮುಖ ನೋಡಬೇಕು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಎಲೆ ಎತ್ತಿದಂತೆ. ಟುವಾಲು ಹೆಗಲಿಗೇರುತ್ತದೆ, ಚಪ್ಪಲಿ ಕಾಲಿಗೆ. ಇಂಜಿನ್ ಕಪ್ಪು ಹೊಗೆ ಬಿಡುತ್ತ ಕುಣಿಯುತ್ತಿದೆ. ಹುಡುಗ ಬೈಕ್ ಹತ್ತಿ ಹೋಗಿಯೇಬಿಟ್ಟ.

ನಾಲ್ಕು ಹೆಜ್ಜೆ ಇಟ್ಟ ಕಾಕಾ ತಿರುಗಿ ಪೈಪಿನ ಬಾಯಿ ನೋಡುತ್ತಾನೆ. ಒಂದು ಹನಿ ನೀರಿಲ್ಲ.

“ಫುಟ್‌ವಾಲ್ ಸೋರಾಕತ್ತೈತಿ!” ಚಪ್ಪಲಿ ಮತ್ತೆ ಬದುವಿನ ಮೇಲೆ. “ಬಂದ್ ಮಾಡು, ಬಂದ್ ಮಾಡು! ಹಿಂದ ಯಾರು ಕೂಡಿಸಿದ್ರು ಇದನ್ನ?”